ಓದುಗರ ಪ್ರಶ್ನೆ: ಗಿಲಕಿ ಹಾವು ಮತ್ತು ನಮ್ಮ ತೋಟದ ಮಂಡಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾವಿನವೇ. ಕೊಪ್ಪದವರೊಬ್ಬರಿಗೆ ಅಮೆರಿಕದ ಹಾವಿನ ಚಿಂತೆ, ಮೂಡಿಗೆರೆಯವರಿಗೆ ಕಾಫಿ ಗಿಡದಲ್ಲಿ ಕೂತ ಹಾವಿನ ಚಿಂತೆ. ಎರಡೂ ಹತ್ತಿರದ ನೆಂಟರು. ಹಾಗಾಗಿ ಈ ಸಂಚಿಕೆಯ ಪುಟವನ್ನು ಅವಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಚಿಕ್ಕಮಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಈಗ ಮೂಡಿಗೆರೆ ಹತ್ತಿರ ನಮ್ಮದೇ ಸಣ್ಣ ತೋಟದಲ್ಲಿದ್ದೇನೆ. ಹಾವಿನ ಮಾತು ನಮ್ಮ ಜಗಲಿಯಲ್ಲೂ ದಿನಾ ಬರುತ್ತದೆ.

ಪ್ರಶ್ನೆ: ಮೇಡಂ, ನನ್ನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಕ್ಕರೆ ಸಾಕು, ಬೆಟ್ಟ ಹತ್ತುತ್ತಾನೆ. ಮೊನ್ನೆ ಒಂದು ಫೋಟೋ ಕಳಿಸಿದ. ಬಿದ್ದ ಮರದ ಪಕ್ಕ ದಪ್ಪನೆಯ ಹಾವು ಸುರುಳಿ ಸುತ್ತಿ ಕೂತಿದೆ. ಬಾಲ ಕಪ್ಪು. 'ಟಿಂಬರ್ ರ್‍ಯಾಟಲ್‌ಸ್ನೇಕ್ ಅಮ್ಮಾ, ಏನೂ ಮಾಡಲ್ಲ' ಅಂತಾನೆ. ಜೂನ್‌ನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗುತ್ತಿದ್ದೇವೆ. ನಿಜಕ್ಕೂ ಏನೂ ಮಾಡಲ್ವಾ?
— ಗೃಹಿಣಿ, ಕೊಪ್ಪ

ಮಗ ನಿಮಗೆ ಧೈರ್ಯ ಹೇಳಲು ಹಾಗೆ ಅಂದಿದ್ದಾನೆ. ಅದು ವಿಷದ ಹಾವು. ಕಚ್ಚಿದರೆ ಜೀವಕ್ಕೆ ಅಪಾಯವಿದೆ. ಆದರೆ ಫೋಟೋ ತೆಗೆಯುವಷ್ಟು ಹೊತ್ತು ಕದಲದೆ ಕೂತಿತ್ತಲ್ಲ, ಅದೇ ಅದರ ಗುಣ. ಆ ಗುಣ ಗೊತ್ತಿದ್ದವರಿಗೆ ಅದರಿಂದ ತೊಂದರೆ ಆಗುವುದು ತೀರಾ ಕಡಿಮೆ.

ರ್‍ಯಾಟಲ್‌ಸ್ನೇಕ್, ಅಂದರೆ ಬಾಲದಲ್ಲಿ ಗಿಲಕಿ ಇರುವ ಹಾವುಗಳು, ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಕೆನಡಾದ ದಕ್ಷಿಣದಿಂದ ಅರ್ಜೆಂಟೀನಾದ ತನಕ ಹರಡಿವೆ. ಟಿವಿಯಲ್ಲಿ ನೋಡಿ ನೋಡಿ ಎಲ್ಲರೂ ಇವನ್ನು ಮರುಭೂಮಿಯ ಹಾವು ಅಂದುಕೊಂಡಿರುತ್ತಾರೆ. ನಿಮ್ಮ ಮಗ ನೋಡಿದ ಜಾತಿ ಕಾಡಿನದು. ಅಪಲೇಚಿಯನ್ ಬೆಟ್ಟಸಾಲಿನ ಓಕ್ ಕಾಡು, ಬಂಡೆ ತುಂಬಿದ ಇಳಿಜಾರು ಇದರ ಜಾಗ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರು ಕ್ರೊಟಾಲಸ್ ಹಾರಿಡಸ್. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಉದ್ದ ಬೆಳೆಯುತ್ತದೆ. ಕೆಲವು ಹಳದಿ ಮೈಯವು, ಮೇಲೆ ಗಾಢ ಬಣ್ಣದ ಅಡ್ಡಪಟ್ಟೆ. ಇನ್ನು ಕೆಲವು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಬಾಲ ಎರಡರಲ್ಲೂ ಕಪ್ಪೇ.

ಈಗ ಆ ಫೋಟೋವನ್ನು ಇನ್ನೊಂದು ಸಲ ತೆಗೆದು ನೋಡಿ. ಹಾವಿನ ತಲೆ ಬಿದ್ದ ಮರದ ಕಡೆಗಿದೆಯಾ? ಗಲ್ಲವನ್ನು ಮರದ ಅಂಚಿಗೆ ಆನಿಸಿಕೊಂಡಿದೆಯಾ? ಹಾಗಿದ್ದರೆ ಅದು ಬೇಟೆಗೆ ಕೂತಿದೆ. ಕಾಡಿನಲ್ಲಿ ಇಲಿ, ಅಳಿಲುಗಳಿಗೆ ಬಿದ್ದ ಮರವೇ ರಸ್ತೆ. ತರಗೆಲೆ ಮೇಲೆ ಸದ್ದು ಮಾಡಿಕೊಂಡು ಓಡುವುದಕ್ಕಿಂತ ಮರದ ಮೇಲೆ ಓಡುವುದು ಅವಕ್ಕೆ ಸಲೀಸು. ಹಾವು ಆ ರಸ್ತೆಯ ಪಕ್ಕ ಕಾಯುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ. ಇಲಿ ಹತ್ತಿರ ಬಂದ ತಕ್ಷಣ ಒಂದೇ ಏಟು ಕಚ್ಚಿ ಬಿಟ್ಟುಬಿಡುತ್ತದೆ. ಇಲಿ ಸ್ವಲ್ಪ ದೂರ ಓಡಿ ಬೀಳುತ್ತದೆ. ಹಾವು ನಾಲಿಗೆ ಆಡಿಸುತ್ತಾ ವಾಸನೆ ಹಿಡಿದು ಹೋಗಿ ನುಂಗುತ್ತದೆ. ಈ ಭಂಗಿಯನ್ನು ವಿವರವಾಗಿ ಬರೆದ ವೈಜ್ಞಾನಿಕ ಪ್ರಬಂಧ ಬಂದದ್ದು 1984ರಲ್ಲಿ. ಅದನ್ನು ಓದಿದ ಮೇಲೆ ನಾನು ನಮ್ಮ ತೋಟದ ಹಾವುಗಳನ್ನು ನೋಡುವ ರೀತಿಯೇ ಬದಲಾಯಿತು. ಹಾವು ಎಲ್ಲಿ ಕೂತಿದೆ ಅನ್ನುವುದರ ಜೊತೆಗೆ ಯಾವ ಕಡೆ ಮುಖ ಮಾಡಿದೆ ಅಂತಲೂ ನೋಡುತ್ತೇನೆ.

ಹಾಗಾಗಿ ನಿಮಗೆ ಒಂದು ಮುಖ್ಯ ಮಾತು. ಗಿಲಕಿ ಹಾವು ಯಾವಾಗಲೂ ಗಿಲಕಿ ಆಡಿಸಿಯೇ ಎಚ್ಚರಿಸುತ್ತೆ ಅಂತ ನಂಬಬೇಡಿ. ಬೇಟೆಗೆ ಕೂತ ಹಾವಿಗೆ ಸದ್ದು ಮಾಡುವುದು ಬೇಕಿಲ್ಲ. ಎಷ್ಟೋ ಸಲ ಜನ ಪಕ್ಕದಲ್ಲೇ ದಾಟಿ ಹೋದರೂ ಸುಮ್ಮನೆ ಕೂತಿರುತ್ತದೆ. ತುಳಿದರೆ, ಕೈ ಹಾಕಿದರೆ ಮಾತ್ರ ಕಚ್ಚುತ್ತದೆ. ಆದ್ದರಿಂದ ಬಿದ್ದ ಮರ ಅಡ್ಡ ಬಂದರೆ ಕಾಲೆತ್ತಿ ಆಚೆಗೆ ಇಡಬೇಡಿ. ಮೊದಲು ಮರದ ಮೇಲೆ ನಿಂತು ಆಚೆ ಬದಿ ನೋಡಿ, ಆಮೇಲೆ ಇಳಿಯಿರಿ. ಬಂಡೆ ಮೇಲೆ ಕೂರುವ ಮುಂಚೆ ಸುತ್ತ ನೋಡಿ. ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಸೀರೆ, ಚಪ್ಪಲಿಯಲ್ಲಿ ಬೆಟ್ಟಕ್ಕೆ ಬೇಡ. ಪ್ಯಾಂಟು, ಕಣಕಾಲು ಮುಚ್ಚುವ ಶೂ ಇರಲಿ. ಇಷ್ಟು ಮಾಡಿದರೆ ಆರಾಮಾಗಿ ಓಡಾಡಿ.

ಅಮೆರಿಕದಲ್ಲಿ ವರ್ಷಕ್ಕೆ 7,000ದಿಂದ 8,000 ಜನರಿಗೆ ವಿಷದ ಹಾವು ಕಚ್ಚುತ್ತದೆ. ಸಾಯುವವರು ಸುಮಾರು ಐದು ಜನ. ನಮ್ಮ ದೇಶದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಈ ಅಂತರ ಹಾವಿನ ವಿಷದಿಂದ ಮಾತ್ರ ಬಂದದ್ದಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಎಷ್ಟು ಜನ, ಆಸ್ಪತ್ರೆ ಎಷ್ಟು ದೂರ, ಔಷಧಿ ಎಷ್ಟು ಬೇಗ ಸಿಕ್ಕಿತು, ಎಲ್ಲ ಅದರಲ್ಲಿ ಸೇರಿದೆ. ನಿಜ ಹೇಳಬೇಕೆಂದರೆ ನಿಮ್ಮ ಮಗನಿಗಿಂತ, ಇಲ್ಲಿ ಸಂಜೆ ಹೊತ್ತು ಟಾರ್ಚ್ ಇಲ್ಲದೆ ಕೊಟ್ಟಿಗೆಗೆ ಹೋಗುವ ನಿಮ್ಮ ಬಗ್ಗೆ ನನಗೆ ಜಾಸ್ತಿ ಚಿಂತೆ.

ಇನ್ನೊಂದು ವಿಷಯ ಮಗನಿಗೆ ಹೇಳಿ. ಈ ಹಾವು ಬಹಳ ನಿಧಾನದ ಜೀವ. ಉತ್ತರದ ಚಳಿ ಬೆಟ್ಟಗಳಲ್ಲಿ ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಏಳರಿಂದ ಹತ್ತು ವರ್ಷ ಬೇಕು. ಆಮೇಲೂ ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬಸಿರು. ಬಸುರಿ ಹಾವು ಬೇಸಿಗೆಯೆಲ್ಲ ಬಿಸಿಲು ಬೀಳುವ ಬಂಡೆಯ ಹತ್ತಿರವೇ ಇರುತ್ತದೆ. ಹೊಟ್ಟೆಯೊಳಗಿನ ಮರಿಗಳಿಗೆ ಆ ಕಾವು ಬೇಕು. ಆ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಉಪವಾಸ. ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಮರಿ ಹಾಕುತ್ತದೆ. ಮರಿಗಳು ಮೊದಲ ಪೊರೆ ಬಿಡುವ ತನಕ, ಒಂದು ವಾರವೋ ಹತ್ತು ದಿನವೋ, ತಾಯಿ ಹತ್ತಿರವೇ ಇರುತ್ತವೆ. ಚಳಿಗಾಲ ಬಂದಾಗ ದೊಡ್ಡವು ಹೋದ ವಾಸನೆ ಹಿಡಿದು ಬಂಡೆಯ ಬಿರುಕಿನೊಳಗಿನ ಬಿಲ ಸೇರುತ್ತವೆ. ಒಂದೇ ಬಿಲದಲ್ಲಿ ಹತ್ತಾರು ಹಾವು ಒಟ್ಟಿಗೆ ಚಳಿಗಾಲ ಕಳೆಯುತ್ತವೆ. ತಲೆಮಾರುಗಟ್ಟಲೆ ಅದೇ ಬಿಲ.

ಅದೇ ಅವಕ್ಕೆ ಮುಳುವಾಯಿತು. ಬಿಲ ಗೊತ್ತಾದವನು ವಸಂತದಲ್ಲಿ ಹೋಗಿ ಒಂದೇ ದಿನ ಇಡೀ ಬೆಟ್ಟದ ಹಾವನ್ನು ಕೊಲ್ಲಬಹುದಿತ್ತು. ನ್ಯೂಯಾರ್ಕ್, ವರ್ಮಾಂಟ್ ರಾಜ್ಯಗಳಲ್ಲಿ 1970ರ ದಶಕದ ಆರಂಭದ ತನಕ ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಮೇನ್, ರೋಡ್ ಐಲೆಂಡ್ ರಾಜ್ಯಗಳಿಂದ ಈ ಜಾತಿ ಪೂರ್ತಿ ಅಳಿದುಹೋಗಿದೆ. ಕೆನಡಾದಲ್ಲೂ ಇಲ್ಲ. ಬಸುರಿ ಹೆಣ್ಣೊಂದನ್ನು ಕೊಂದರೆ ಆ ಜಾಗ ತುಂಬಲು ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ. ನೀವು ಹೋಗುವ ಜೂನ್‌ನಲ್ಲಿ ಬಂಡೆ ಮೇಲೆ ಬಿಸಿಲು ಕಾಯಿಸುವ ಹಾವು ಕಂಡರೆ ಅದು ಬಸುರಿ ಇರಬಹುದು ಅಂತಲೇ ತಿಳಿದು ದೂರದಿಂದ ನೋಡಿ ಬನ್ನಿ. ಫೋಟೋ ಹಾಕುವಾಗ ಜಾಗದ ಹೆಸರು ಹಾಕಬೇಡ ಅಂತ ಮಗನಿಗೂ ಹೇಳಿ. ಅಲ್ಲಿ ಹಾವಿನ ಬಗ್ಗೆ ಕೆಲಸ ಮಾಡುವವರು ಬಿಲದ ಜಾಗವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅಂಥ ಹಾವು ಉಳಿದು ಏನಾಗಬೇಕು ಅಂತ ನಿಮ್ಮ ಯಜಮಾನರು ಕೇಳಿದರೆ ಹೀಗೆ ಹೇಳಿ. ಅಲ್ಲಿ ಲೈಮ್ ಅಂತ ಒಂದು ಕಾಯಿಲೆ ಇದೆ. ನಮ್ಮಲ್ಲಿ ಮಂಗನ ಕಾಯಿಲೆ ಬರುವ ಹಾಗೆ ಅದೂ ಉಣುಗು ಕಚ್ಚಿ ಬರುತ್ತದೆ. ಆ ಉಣುಗು ಇಲಿಯ ಮೈಮೇಲೆ ಬೆಳೆಯುತ್ತದೆ. ಇಲಿ ತಿನ್ನುವ ಒಂದು ಟಿಂಬರ್ ಹಾವಿನಿಂದ ವರ್ಷಕ್ಕೆ 2,500ರಿಂದ 4,500 ಉಣುಗು ಕಡಿಮೆಯಾಗುತ್ತದೆ ಅಂತ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2013ರಲ್ಲಿ ಲೆಕ್ಕ ಹಾಕಿ ಹೇಳಿದರು.

ಪ್ರಶ್ನೆ: ಗಿಲಕಿಯಲ್ಲಿ ಎಷ್ಟು ಬಳೆ ಇದೆಯೋ ಹಾವಿಗೆ ಅಷ್ಟು ವರ್ಷ ಅಂತ ನಮ್ಮ ಕ್ಲಾಸಿನಲ್ಲಿ ಹೇಳಿದರು. ಸರಿಯಾ? ಒಳಗೆ ಕಲ್ಲು ಇರುತ್ತಾ?
— ಪಿಯುಸಿ ವಿದ್ಯಾರ್ಥಿ, ಹಾಸನ

ಎರಡೂ ಸರಿಯಲ್ಲ. ಆದರೆ ಪ್ರಶ್ನೆ ತುಂಬಾ ಇಷ್ಟವಾಯಿತು. ಗಿಲಕಿ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು, ಹೇಗೆ ಕಟ್ಟಿದೆ ಅಂತ ಕೇಳುವವರು ಕಡಿಮೆ.

ಗಿಲಕಿ ಕೆರಾಟಿನ್‌ನಿಂದ ಆದದ್ದು. ನಮ್ಮ ಉಗುರೂ ಅದರದ್ದೇ. ಬಳೆಗಳು ಟೊಳ್ಳು. ಒಳಗೆ ಕಲ್ಲು, ಮಣಿ ಏನೂ ಇಲ್ಲ. ಒಂದು ಬಳೆಯ ಅಂಚು ಇನ್ನೊಂದರೊಳಗೆ ಸಡಿಲವಾಗಿ ಸಿಕ್ಕಿಕೊಂಡಿರುತ್ತದೆ. ಬಾಲ ಅಲ್ಲಾಡಿದಾಗ ಬಳೆಗೆ ಬಳೆ ಬಡಿದು ಸದ್ದು. ಆಗ ತಾನೇ ಹುಟ್ಟಿದ ಮರಿಯ ಬಾಲದ ತುದಿಯಲ್ಲಿ ಒಂದು ಗುಂಡಿ ಮಾತ್ರ ಇರುತ್ತದೆ. ಒಂದಕ್ಕೆ ಬಡಿಯಲು ಇನ್ನೊಂದು ಬೇಕಲ್ವಾ? ಹಾಗಾಗಿ ಎರಡನೇ ಬಳೆ ಬರುವ ತನಕ ಮರಿ ಎಷ್ಟು ಬಾಲ ಆಡಿಸಿದರೂ ಸದ್ದಿಲ್ಲ.

ಪ್ರತಿ ಸಲ ಪೊರೆ ಬಿಟ್ಟಾಗ ಬುಡದಲ್ಲಿ ಹೊಸ ಬಳೆ ಬರುತ್ತದೆ. ಚೆನ್ನಾಗಿ ತಿಂದ ವರ್ಷ ಎರಡು ಮೂರು ಸಲ ಪೊರೆ ಬಿಡಬಹುದು. ಚಳಿ ನಾಡಿನಲ್ಲಿ ಒಂದೇ ಸಲ ಇರಬಹುದು. ಜೊತೆಗೆ ತುದಿಯ ಹಳೆ ಬಳೆಗಳು ಕಲ್ಲಿಗೆ, ಬೇರಿಗೆ ತಾಗಿ ಮುರಿದು ಬೀಳುತ್ತವೆ. ವಯಸ್ಸು ಹೇಗೆ ಲೆಕ್ಕ ಹಾಕುತ್ತೀರಿ?

ಸದ್ದಿನ ಬಗ್ಗೆ ಒಂದು ಸೊಗಸಾದ ಸಂಗತಿ ಇದೆ. ಬಾಲದ ಸ್ನಾಯು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಅಲ್ಲಾಡಬಲ್ಲದು, ಬೇಗ ದಣಿಯುವುದೂ ಇಲ್ಲ. 2021ರಲ್ಲಿ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಬೋರಿಸ್ ಶಾನ್ಯೊ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಯಾವುದಾದರೂ ವಸ್ತು ಹತ್ತಿರ ಬರುತ್ತಾ ಹೋದ ಹಾಗೆ ಹಾವು ಗಿಲಕಿಯ ವೇಗವನ್ನು ನಿಧಾನವಾಗಿ ಏರಿಸುತ್ತದೆ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಜಿಗಿದು ವೇಗ ದುಪ್ಪಟ್ಟಾಗುತ್ತದೆ. ಕೇಳುವ ನಮ್ಮ ಕಿವಿಗೆ ಹಾವು ಇರುವುದಕ್ಕಿಂತ ಹತ್ತಿರ ಬಂದುಬಿಟ್ಟಿತು ಅನ್ನಿಸುತ್ತದೆ. ನಾವು ಹೆದರಿ ಹಿಂದೆ ಸರಿಯುತ್ತೇವೆ. ಹಾವಿಗೂ ಬೇಕಾದದ್ದು ಅದೇ. ವಿಷ ತಯಾರಿಸಲು ಅದಕ್ಕೆ ಶಕ್ತಿ ಖರ್ಚಾಗುತ್ತದೆ. ನುಂಗಲಾಗದ ಪ್ರಾಣಿಯ ಮೇಲೆ ಅದನ್ನು ಸುರಿಯುವುದು ನಷ್ಟ.

ಪ್ರಶ್ನೆ: ನಮ್ಮ ತೆಂಗಿನ ತೋಟದ ಒಣ ಎಲೆಯೊಳಗೆ ಒಂದು ಹಾವು ಗಿರ್ ಅಂತ ಸದ್ದು ಮಾಡಿತು. ನಮ್ಮಲ್ಲೂ ಗಿಲಕಿ ಹಾವು ಇದೆಯಾ ಮೇಡಂ?
— ರೈತ, ಅರಸೀಕೆರೆ

ಇಲ್ಲ. ಆದರೆ ಬಾಲ ಆಡಿಸುವ ಹಾವುಗಳು ಬೇಕಾದಷ್ಟಿವೆ. ವಿಷವಿಲ್ಲದ ಹಾವುಗಳೂ ಗಾಬರಿಯಾದಾಗ ಬಾಲದ ತುದಿಯನ್ನು ಗಡಗಡ ನಡುಗಿಸುತ್ತವೆ. ಕೆಳಗೆ ಒಣ ಎಲೆ ಇದ್ದರೆ ಗಿಲಕಿಯದೇ ಸದ್ದು. ಗಿಲಕಿ ಹಾವಿಗೆ ನೆಂಟಸ್ತನ ಹತ್ತಿರ ಇದ್ದಷ್ಟೂ ಹಾವುಗಳು ಹೆಚ್ಚು ವೇಗವಾಗಿ ಬಾಲ ಆಡಿಸುತ್ತವೆ ಅಂತ 2016ರ ಒಂದು ಅಧ್ಯಯನದಲ್ಲಿದೆ. ಗಿಲಕಿ ಹುಟ್ಟುವ ಮೊದಲೇ ಈ ನಡುಕ ಇತ್ತು, ಗಿಲಕಿ ಆಮೇಲೆ ಬಂತು ಅನ್ನುವುದಕ್ಕೆ ಅದು ಒಳ್ಳೆಯ ಆಧಾರ.

ನಿಮ್ಮದು ಬಯಲುಸೀಮೆ. ಅದಕ್ಕೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಗರಗಸ ಮಂಡಲ ಅಂತ ಸಣ್ಣ ಹಾವಿದೆ. ಅದು ಬಾಲದಿಂದ ಸದ್ದು ಮಾಡುವುದಿಲ್ಲ. ಮೈಯನ್ನು ಮಡಿಕೆ ಮಡಿಕೆಯಾಗಿ ಸುತ್ತಿ, ಪಕ್ಕದ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಗರಗರ ಅಂತ ಕೇಳುತ್ತದೆ. ಒಂದೂವರೆ ಅಡಿ ಇದ್ದರೂ ವಿಷ ಜೋರು, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಯಾವ ಹಾವು ಅಂತ ಎಲೆ ಸರಿಸಿ ನೋಡಲು ಹೋಗಬೇಡಿ. ಸದ್ದು ಕೇಳಿದ ಕೂಡಲೇ ನಿಂತುಬಿಡಿ, ಎಲ್ಲಿಂದ ಬಂತು ಅಂತ ಕಣ್ಣಲ್ಲಿ ಹುಡುಕಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಪ್ರಶ್ನೆ: ಮುಳ್ಳಯ್ಯನಗಿರಿಯ ತುದಿಯಂಥ ಚಳಿ ಜಾಗದಲ್ಲೂ ಹಾವು ಬದುಕುತ್ತಾ? ಎಷ್ಟು ಎತ್ತರದ ತನಕ?
— ಚಾರಣಪ್ರಿಯ, ಚಿಕ್ಕಮಗಳೂರು

ಮುಳ್ಳಯ್ಯನಗಿರಿ 1,930 ಮೀಟರ್. ಹಾವಿಗೆ ಅದು ಲೆಕ್ಕಕ್ಕಿಲ್ಲ. ಮೆಕ್ಸಿಕೋದ ಜ್ವಾಲಾಮುಖಿ ಬೆಟ್ಟಗಳ ಪೈನ್ ಕಾಡಿನಲ್ಲಿ ಒಂದು ಪುಟ್ಟ ಗಿಲಕಿ ಹಾವಿದೆ, ಕ್ರೊಟಾಲಸ್ ಟ್ರೈಸೀರಿಯಾಟಸ್. ದೊಡ್ಡದಾದರೂ ಎರಡು ಅಡಿ ಆಸುಪಾಸು. ಒರಿಜಾಬಾ ಶಿಖರದ ಇಳಿಜಾರಿನಲ್ಲಿ ಅದು 4,500 ಮೀಟರ್ ದಾಟಿದ ಜಾಗದಲ್ಲೂ ಸಿಕ್ಕಿದ ದಾಖಲೆ ಇದೆ. ಗಿಲಕಿ ಹಾವಿನ ನೆಂಟ, ನಮ್ಮ ದೇಶದ ಹಿಮಾಲಯದ ಗುಳಿಮಂಡಲ ಅದಕ್ಕಿಂತಲೂ ಮೇಲೆ, ಸುಮಾರು 4,900 ಮೀಟರ್ ತನಕ ದಾಖಲಾಗಿದೆ.

ಎರಡೂ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಅಂಥ ಚಳಿ ಮಣ್ಣಿನಲ್ಲಿ ಮೊಟ್ಟೆ ಇಟ್ಟರೆ ಕಾವು ಸಾಲದು. ಹೊಟ್ಟೆಯಲ್ಲೇ ಇಟ್ಟುಕೊಂಡರೆ ತಾಯಿ ಬಿಸಿಲು ಬಂದ ಕಡೆ ಹೋಗಿ ಕೂರಬಹುದು. ಕೊಪ್ಪದವರಿಗೆ ಹೇಳಿದ ಬಂಡೆ ಮೇಲಿನ ಬಸುರಿ ಹಾವು ಮಾಡುವುದೂ ಇದನ್ನೇ.

ಪ್ರಶ್ನೆ: ಕೆಲವು ಹಾವಿಗೆ ಕತ್ತಲಲ್ಲಿ ಬಿಸಿ ಕಾಣುತ್ತಂತೆ. ಹಾಗಾದರೆ ಒಲೆಯ ಬಿಸಿಗೆ ಮನೆಯೊಳಗೆ ಬರುತ್ತವಾ?
— ಸಕಲೇಶಪುರದ ಓದುಗರು

ಒಲೆ ಹುಡುಕಿಕೊಂಡು ಬರುವುದಿಲ್ಲ. ಮನೆಗೆ ಹಾವು ಬರುವುದು ಇಲಿ ಹಿಂದೆ, ಕಪ್ಪೆ ಹಿಂದೆ. ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ. ಭತ್ತ, ಕಾಳು ಚೆಲ್ಲಿದ್ದರೆ ಗುಡಿಸಿ.

ಬಿಸಿ ಕಾಣುವುದು ಮಾತ್ರ ನಿಜ. ಗಿಲಕಿ ಹಾವು, ನಮ್ಮ ಮಲೆನಾಡಿನ ಹಸಿರು ಮಂಡಲ, ಇವೆಲ್ಲ ಗುಳಿಮಂಡಲಗಳು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಎರಡೂ ಕಡೆ ಒಂದೊಂದು ಗುಳಿ ಇರುತ್ತದೆ. ಒಳಗೆ ಬಹಳ ತೆಳುವಾದ ಪೊರೆ, ಅದರ ತುಂಬ ನರದ ತುದಿಗಳು. ಸುತ್ತಲಿಗಿಂತ ಡಿಗ್ರಿಯ ಸಾವಿರದ ಕೆಲವೇ ಭಾಗದಷ್ಟು ಬಿಸಿ ವ್ಯತ್ಯಾಸವಾದರೂ ಅದಕ್ಕೆ ತಿಳಿಯುತ್ತದೆ. ಎರಡು ಗುಳಿ ಇರುವುದರಿಂದ ಬಿಸಿ ಯಾವ ದಿಕ್ಕಿನಲ್ಲಿದೆ ಅಂತಲೂ ಗೊತ್ತಾಗುತ್ತದೆ. ಕಣ್ಣಿನಿಂದ ಬಂದ ಚಿತ್ರ, ಗುಳಿಯಿಂದ ಬಂದ ಚಿತ್ರ ಎರಡೂ ಮಿದುಳಿನಲ್ಲಿ ಒಂದೇ ಕಡೆ ಸೇರುತ್ತವೆ. 2010ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಗಿಲಕಿ ಹಾವಿನ ಗುಳಿಯಲ್ಲಿ ಬಿಸಿ ಗುರುತಿಸುವ ಅಣು ಟಿಆರ್‌ಪಿಎ1 ಅಂತ ಕಂಡುಹಿಡಿಯಿತು. ನಾವು ಸಾಸಿವೆ ಜಾಸ್ತಿ ಅರೆದು ಹಾಕಿದ್ದನ್ನು ತಿಂದಾಗ ಮೂಗಿಗೆ ಏರುವ ಘಾಟು ಇದೆಯಲ್ಲ, ಅದನ್ನು ನಮಗೆ ತಿಳಿಸುವುದೂ ಇದೇ ಅಣು. ಹಾವಿನಲ್ಲಿ ಅದು ಬಿಸಿ ತಿಳಿಯುವ ಕೆಲಸಕ್ಕೆ ತಿರುಗಿದೆ. ಬಿಸಿ, ಸ್ಪರ್ಶ ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವ ಕೆಲಸಕ್ಕೆ ಜೂಲಿಯಸ್ ಅವರಿಗೆ 2021ರಲ್ಲಿ ಇನ್ನೊಬ್ಬರ ಜೊತೆ ನೊಬೆಲ್ ಬಂತು.

ಪ್ರಶ್ನೆ: ದೊಡ್ಡ ಹಾವಿಗಿಂತ ಮರಿ ಹಾವಿನ ವಿಷ ಜಾಸ್ತಿ ಅಪಾಯ ಅಂತಾರೆ. ಹೌದಾ?
— ಬೇಲೂರು

ಅಲ್ಲ. ಮರಿಯಲ್ಲಿ ವಿಷದ ಪ್ರಮಾಣವೇ ಕಡಿಮೆ. ದೊಡ್ಡದು ಕಚ್ಚಿದಾಗ ಒಳಗೆ ಹೋಗುವ ವಿಷ ಹೆಚ್ಚು. ಮರಿ ಅಂತ ಅಸಡ್ಡೆ ಮಾಡಬೇಡಿ, ಅಷ್ಟೇ. ಮರಿಯೂ ಹುಟ್ಟಿದ ದಿನವೇ ಕಚ್ಚಬಲ್ಲದು.

ಪ್ರಶ್ನೆ: ನಮ್ಮ ತೋಟದಲ್ಲಿ ಕೊಯ್ಲು ನಡೆಯುತ್ತಿದೆ. ಕಾಫಿ ಗಿಡದೊಳಗೆ ಹಸಿರು ಮಂಡಲ ಕಂಡಿತೆಂದು ಕೆಲಸದವರು ಗಾಬರಿಯಾಗಿದ್ದಾರೆ. ಹೊಡೆದು ಹಾಕಿ ಅಂತ ಮೇಸ್ತ್ರಿ ಹೇಳುತ್ತಾರೆ. ಕಚ್ಚಿದರೆ ಆಸ್ಪತ್ರೆಯ ಇಂಜೆಕ್ಷನ್ ಕೆಲಸ ಮಾಡುತ್ತಾ?
— ಬೆಳೆಗಾರ, ಮೂಡಿಗೆರೆ

ಹೊಡೆಯಬೇಡಿ ಸರ್. ಕಾನೂನಿನ ಮಾತು ಬಿಡಿ, ಹೊಡೆಯಲು ಹೋಗುವುದೇ ಕಚ್ಚಿಸಿಕೊಳ್ಳುವ ದಾರಿ. ಆ ಗಿಡದ ಕೊಂಬೆಗೆ ಒಂದು ಬಟ್ಟೆ ಚೂರು ಕಟ್ಟಿಸಿ. ಆ ಗಿಡ, ಅದರ ಸುತ್ತಲಿನ ಗಿಡಗಳನ್ನು ಬಿಟ್ಟು ಸಾಲು ಮುಂದುವರಿಸಿ. ನಾಳೆಯೋ ನಾಡಿದ್ದೋ ಹಾವು ಜಾಗ ಬದಲಿಸಿದ ಮೇಲೆ ಕೊಯ್ದರಾಯಿತು. ನಾಲ್ಕು ಗಿಡದ ಹಣ್ಣು ಎರಡು ದಿನ ತಡವಾದರೆ ಏನೂ ಹೋಗುವುದಿಲ್ಲ.

ನಮ್ಮ ಕಡೆ ಕಾಣುವ ಮಲಬಾರ್ ಗುಳಿಮಂಡಲ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಹಸಿರು ಮಾತ್ರ ಅಂದುಕೊಳ್ಳಬೇಡಿ. ಹಳದಿ, ಕಂದು, ಕೆಂಪು ಮಿಶ್ರಿತ ಬಣ್ಣದವೂ ಇವೆ. ಕೆಲಸದವರು ಹಸಿರು ಹುಡುಕುತ್ತಾ ಪಾಚಿ ಹಿಡಿದ ಕೊಂಬೆಯ ಮೇಲಿನ ಕಂದು ಹಾವನ್ನು ನೋಡದೇ ಇರಬಹುದು. ಮಳೆಗಾಲದಲ್ಲಿ ನಮ್ಮ ತೋಟದ ಹಳ್ಳದ ಪಕ್ಕ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಇಂಥದ್ದೊಂದು ಕೂತಿರುತ್ತಿತ್ತು. ಹಳದಿ ಮಿಶ್ರಿತ ಕಂದು. ತಲೆ ಕೆಳಗೆ, ಹಳ್ಳದ ಕಡೆ. ಸಂಜೆ ಟಾರ್ಚ್ ಹಿಡಿದು ಹೋದರೆ ಬಳ್ಳಿಯ ಎಲೆಯಿಂದ ನೀರು ಅದರ ಬೆನ್ನ ಮೇಲೆ ತೊಟ್ಟಿಕ್ಕುತ್ತಿರುತ್ತಿತ್ತು. ಕದಲುತ್ತಿರಲಿಲ್ಲ. ಸುತ್ತ ಕಪ್ಪೆಗಳ ಕೂಗು. ಅದು ಕಾಯುತ್ತಿದ್ದದ್ದು ಕಪ್ಪೆಗೆ. ಮರುದಿನವೂ ಅಲ್ಲೇ, ಅದೇ ಸುರುಳಿ. ಟಿಂಬರ್ ಹಾವು ಬಿದ್ದ ಮರದ ಪಕ್ಕ ಮಾಡುವುದನ್ನು ಇದು ಬಳ್ಳಿಯ ಮೇಲೆ ಮಾಡುತ್ತದೆ. ನಮ್ಮವರಿಗೆ ಆ ಮರ ಗೊತ್ತಿತ್ತು. ಯಾರೂ ಅಲ್ಲಿ ಕೈ ಹಾಕುತ್ತಿರಲಿಲ್ಲ. ಅಷ್ಟು ಸಾಕಾಯಿತು.

ಆದ್ದರಿಂದ ಕೊಯ್ಲಿಗೆ ಮುಂಚೆ ಮೇಸ್ತ್ರಿಗೆ ಹೇಳಿ. ಪ್ರತಿ ಗಿಡಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ಕೊಂಬೆ ಅಲ್ಲಾಡಿಸಿ, ಒಳಗೆ ಬಗ್ಗಿ ಒಂದು ಕ್ಷಣ ನೋಡಬೇಕು. ಮೆಣಸಿಗೆ ಏಣಿ ಹಾಕುವಾಗ ಮುಖದ ಮಟ್ಟದಲ್ಲಿ ನೋಡಿಕೊಂಡೇ ಹತ್ತಬೇಕು. ಬಿದ್ದ ಹಣ್ಣು ಆರಿಸುವವರ ಬಗ್ಗೆ ನನಗೆ ಇನ್ನೂ ಹೆಚ್ಚು ಕಾಳಜಿ. ಯಾಕೆಂದರೆ ನೆಲದ ದರಗಿನಲ್ಲಿ ಇನ್ನೊಂದು ಗುಳಿಮಂಡಲ ಇರುತ್ತದೆ. ಒಂದು ಅಡಿ, ಒಂದೂವರೆ ಅಡಿ ಅಷ್ಟೇ. ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಒಣ ಎಲೆಯದೇ ಬಣ್ಣ. ಬರಿಗೈಯಲ್ಲಿ ದರಗು ಕೆದಕಬಾರದು, ಕೋಲಿನಿಂದ ಸರಿಸಬೇಕು. ಗಿಡಗಳ ನಡುವೆ ನೀರಿಂಗಲು ತೋಡಿದ ತೊಟ್ಟಿಲು ಗುಂಡಿಯ ಎಲೆ ತೆಗೆಯುವಾಗಲೂ ಅಷ್ಟೇ. ಗಂಬೂಟು ಕೊಡಿಸಿ. ಆ ಖರ್ಚಿನಲ್ಲಿ ಉಳಿತಾಯ ನೋಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಈಗ ಇಂಜೆಕ್ಷನ್ ವಿಷಯ. ನಮ್ಮ ದೇಶದ ಹಾವಿನ ವಿಷದ ಔಷಧ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಟ್ಟು, ಕುದುರೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಔಷಧ ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲನ್ನು ಕೊಡುತ್ತಿರುವುದು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ. 1978ರಿಂದ ಅವರು ಈ ಕೆಲಸ ಮಾಡುತ್ತಿದ್ದಾರೆ. ನಮ್ಮ ಪ್ರಾಣ ಉಳಿಸುವವರಲ್ಲಿ ಅವರ ಹೆಸರು ಮೊದಲು ಬರಬೇಕು.

ಗುಳಿಮಂಡಲದ ವಿಷ ಆ ನಾಲ್ಕರಲ್ಲಿ ಇಲ್ಲ. ಮಲಬಾರ್ ಗುಳಿಮಂಡಲಕ್ಕಾಗಲಿ, ದರಗಿನ ಪುಟ್ಟ ಮಂಡಲಕ್ಕಾಗಲಿ ಈ ಔಷಧ ನಾಟುವುದಿಲ್ಲ. ಅಮೆರಿಕದಲ್ಲಿ ಗಿಲಕಿ ಹಾವಿಗೆ ಅಲ್ಲಿಯ ಹಾವುಗಳಿಂದಲೇ ಮಾಡಿದ ಔಷಧವಿದೆ. ನಮ್ಮ ಮಲೆನಾಡಿನ ಕೂಲಿಯವರಿಗೆ ಅಂಥದ್ದು ಇಲ್ಲ. ಇದು ಆಗಲೇಬೇಕಾದ ಕೆಲಸ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಾಗಾಗಿ ಯಾವ ತಾಲೂಕಿನಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ ಅನ್ನುವುದು ಇನ್ನು ಮೇಲೆ ಲೆಕ್ಕಕ್ಕೆ ಸಿಗಬೇಕು. ಸಣ್ಣ ಕಡಿತ ಅಂತ ಮನೆಯಲ್ಲೇ ಸೊಪ್ಪು ಕಟ್ಟಿಕೊಂಡು ಕೂತರೆ ಆ ಲೆಕ್ಕವೂ ತಪ್ಪುತ್ತದೆ.

ಔಷಧ ಇಲ್ಲ ಅಂದ ಮಾತ್ರಕ್ಕೆ ಆಸ್ಪತ್ರೆ ಬೇಡ ಅಂತಲ್ಲ. ನಮ್ಮ ತೋಟದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಹೆಂಗಸಿಗೆ ದರಗಿನ ಮಂಡಲ ಬೆರಳಿಗೆ ಕಚ್ಚಿದಾಗ ನಾನೇ ಜೊತೆಗೆ ಹೋಗಿದ್ದೆ. ಹೊರಡುವ ಮೊದಲು ಬಳೆ ಒಡೆದು ತೆಗೆದೆವು, ಬೆರಳಿನ ಉಂಗುರವನ್ನು ಸೋಪು ಹಚ್ಚಿ ಬಿಡಿಸಿದೆವು. ದಾರಿಯಲ್ಲೇ ಅಂಗೈ ಊದಿತು. ಉಂಗುರ ಇದ್ದಿದ್ದರೆ ಬೆರಳಿಗೇ ಕುತ್ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮಾಡಿದ್ದು ಗಾಜಿನ ನಳಿಕೆಯ ಪರೀಕ್ಷೆ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು ಸ್ಟ್ಯಾಂಡಿನಲ್ಲಿಟ್ಟರು. 20 ನಿಮಿಷ ಯಾರೂ ಮುಟ್ಟಲಿಲ್ಲ. ಆಮೇಲೆ ಒಂದೇ ಸಲ ಬಗ್ಗಿಸಿದರು. ರಕ್ತ ಗಟ್ಟಿಯಾಗಿ ತಳದಲ್ಲೇ ನಿಂತಿತು. ನೀರಿನ ಹಾಗೆ ಹರಿದಿದ್ದರೆ ವಿಷ ರಕ್ತಕ್ಕೆ ಏರಿದೆ ಅಂತ ಅರ್ಥ. ಪ್ಲಾಸ್ಟಿಕ್ ನಳಿಕೆಯಲ್ಲಿ ಇದು ಆಗುವುದಿಲ್ಲ, ಸೋಪಿನಲ್ಲಿ ತೊಳೆದ ಗಾಜೂ ಬೇಡ. ಒಂದು ಸಲ ಸರಿ ಬಂದರೆ ಮುಗಿಯಲಿಲ್ಲ, ಮತ್ತೆ ಮತ್ತೆ ಮಾಡುತ್ತಾರೆ. ಕಡಿಮೆ ಅಂದರೂ 24 ಗಂಟೆ ನೋಡಿಕೊಳ್ಳಬೇಕು. ಈ ಪುಟ್ಟ ಮಂಡಲದಿಂದಲೂ ಕೆಲವರಿಗೆ ರಕ್ತ ಹೆಪ್ಪುಗಟ್ಟದೆ ಹೋಗುತ್ತದೆ, ಕಿಡ್ನಿಗೆ ಪೆಟ್ಟಾಗುತ್ತದೆ. ಮೂತ್ರ ಎಷ್ಟು ಹೋಗುತ್ತಿದೆ ಅಂತ ಅದಕ್ಕೇ ಕೇಳುತ್ತಿರುತ್ತಾರೆ. ಆಕೆಗೆ ನೋವು, ಊತ ಬಿಟ್ಟು ಬೇರೇನೂ ಆಗಲಿಲ್ಲ, ವಾಸಿಯಾಗಿ ಬಂದರು.

ಇನ್ನೊಂದು ಕಾರಣವೂ ಇದೆ. ಕಚ್ಚಿದ್ದು ಗುಳಿಮಂಡಲವೇ ಅಂತ ನೀವು ಖಾತ್ರಿ ಅಂದುಕೊಂಡಿರುತ್ತೀರಿ, ಆದರೆ ಅದು ಕೊಳಕು ಮಂಡಲದ ಮರಿಯಾಗಿದ್ದರೆ? ಅದಕ್ಕೆ ಔಷಧವಿದೆ, ತಡಮಾಡಿದರೆ ಜೀವ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಡಾಕ್ಟರ ಕೆಲಸ.

ಕೆಲಸದವರು ಇರುವ ಲೈನ್ ಮನೆಯ ಗೋಡೆಗೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ, ಹಾವು ಹಿಡಿದು ತರಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದ ಹಾಗೆ ಕೋಲು, ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ನಮ್ಮ ಕಡೆ ಎಷ್ಟೋ ತೋಟಗಳಲ್ಲಿ ಸಿಗ್ನಲ್ಲೇ ಇಲ್ಲ, ಆಂಬುಲೆನ್ಸ್ ಕಾಯುತ್ತಾ ಕೂರಲಾಗುವುದಿಲ್ಲ. ಅಂಥ ಕಡೆ ಬೈಕ್ ಆದರೂ ಸರಿ, ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿಕೊಂಡು ಹಿಂದೆ ಒಬ್ಬರು ಹಿಡಿದುಕೊಂಡು ಹೊರಟುಬಿಡಿ. ಯಾವ ಆಸ್ಪತ್ರೆಯಲ್ಲಿ ಔಷಧ ದಾಸ್ತಾನು ಇದೆ ಅಂತ ಕೊಯ್ಲು ಶುರುವಾಗುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಜೊತೆಗೆ ಹೋದವರು ಕಚ್ಚಿದ ಹೊತ್ತು ಎಷ್ಟು ಗಂಟೆ ಅಂತ ನೆನಪಿಟ್ಟುಕೊಂಡು ಡಾಕ್ಟರಿಗೆ ಮೊದಲು ಅದನ್ನು ಹೇಳಲಿ.